ತಂತಿ ಹಾಕಿಸೋ ಮುಂದ ಹಲ್ಲಿನ ಬೇರಿನ ಬಗ್ಗೆನೂ ಕೇಳ್ರಿ

ಮೊನ್ನೆ ಶುಕ್ರವಾರ ನಮ್ಮ ಓಣಿ ಮೂಲಿಮನಿಯವರು ಅರಿಷಿಣ-ಕುಂಕುಮಕ್ಕ ಕರದಿದ್ರು. ಉಡಿ ತುಂಬಿಸ್ಕೊಂಡು, ಕೋಸಂಬರಿ ತಿಂದು, ಇನ್ನೇನ ಏಳಬೇಕು ಅನ್ನೋದ್ರಾಗ ಎದುರುಮನಿ ವೈನಿ ತಮ್ಮ ಮಗಳ ಹಲ್ಲಿನ ಸುದ್ದಿ ತಗದ್ರು. ಹುಡುಗಿಗೆ 13 ವರ್ಷ. ಮ್ಯಾಲಿನ ಹಲ್ಲು ಜರಾ ಮುಂದ ಬಂದಾವ. "ಒಬ್ಬ ಡಾಕ್ಟರ್ ಕಡೆ ಹೋದ್ರ ಮೊದಲ ಎಕ್ಸ್-ರೇ ತಗಿಸ್ರಿ, ಹಲ್ಲಿನ ಅಚ್ಚು ತಗೋಬೇಕು, ಆಮ್ಯಾಲೆ ನೋಡೋಣು ಅಂತಾರ. ಇನ್ನೊಂದು ಕಡೆ ಕೇಳಿದ್ರ ನಾಳೆನ ಬರ್ರಿ, ನಾಳೆನ ತಂತಿ ಹಾಕ್ತೀವಿ, ಆರು ತಿಂಗಳದಾಗ ಮುಗಸ್ತೀವಿ ಅಂತಾರ. ಹಲ್ಲು ಕಣ್ಣಿಗೆ ಕಾಣಸ್ತಾವಲ್ಲ, ಮತ್ತ ಎಕ್ಸ್-ರೇ ಯಾಕ ಬೇಕ್ರಿ? ಎಲ್ಲಾ ರೊಕ್ಕ ಮಾಡೋ ಹಾದಿ," ಅಂದ್ರು. ಕೂತ ಐದಾರು ಮಂದಿ ಹೌದು ಹೌದು ಅಂತ ಗೋಣು ಹಾಕಿದ್ರು.

ನನಗ ಸುಮ್ಮನ ಕೂಡ್ಲಿಕ್ಕೆ ಆಗ್ಲಿಲ್ಲ. "ವೈನಿ, ಎಕ್ಸ್-ರೇ ಇಲ್ಲದ ತಂತಿ ಹಾಕಿಸಬ್ಯಾಡ್ರಿ. ನಮ್ಮ ಕಣ್ಣಿಗೆ ಕಾಣಸೋದು ಅರ್ಧ ಹಲ್ಲು ಮಾತ್ರ," ಅಂದೆ. ಎಲ್ಲಾರೂ ನನ್ನ ಮಾರಿ ನೋಡಿದ್ರು. ಪಿಯುಸಿ ಕಲ್ತಾಕಿ, ಇಕಿ ಯಾವಾಗ ಡಾಕ್ಟರ್ ಆದ್ಲು ಅಂತ ಅನಿಸಿರಬೇಕು. ನಾ ಡಾಕ್ಟರ್ ಏನಲ್ಲ, ಪಿಯುಸಿಯೊಳಗೂ ನಂದು ಆರ್ಟ್ಸ್. ಆದ್ರ ಈ ವಿಷಯದಾಗ ಒಮ್ಮೆ ಪೆಟ್ಟು ತಿಂದಾಕಿ. ಅಲ್ಲೆ ನಿಂತು ಎಲ್ಲಾ ಹೇಳಲಿಕ್ಕೆ ಆಗ್ಲಿಲ್ಲ, ಅದಕ್ಕ ಇಲ್ಲೆ ಕೂತು ಬರಿಲಿಕ್ಕತ್ತೀನಿ. ವೈನಿ ಓದ್ತಾರ ಅಂತ ಗೊತ್ತದ. ಉಳದವರೂ ಓದ್ರಿ.

ನನ್ನ ಸಣ್ಣ ಮಗಳಿಗೆ ಮ್ಯಾಲಿನ ನಾಕು ಹಲ್ಲು ಮುಂದ ಇದ್ದು, ತುಟಿ ಪೂರಾ ಮುಚ್ಚತಿರ್ಲಿಲ್ಲ. ಸಣ್ಣಾಕಿ ಇದ್ದಾಗ ನಾವು ಅದನ್ನ ಭಾಳ ಮನಸಿಗೆ ಹಚ್ಗೊಳ್ಳಿಲ್ಲ. ಡಿಗ್ರಿ ಮುಗಿಯೋ ಹೊತ್ತಿಗೆ ಅಕಿನ ಹಟ ಹಿಡದು ಡಾಕ್ಟರ್ ಕಡೆ ಕರಕೊಂಡು ಹೋದ್ಲು. ಅವರು ಎಲ್ಲಾ ನೋಡಿ, ಮ್ಯಾಲೆ ಎರಡು ಕೆಳಗ ಎರಡು ಹಲ್ಲು ತಗದು ಜಾಗಾ ಮಾಡಬೇಕು, ತಂತಿ ಹಾಕಿದ್ರ ಎರಡು ವರ್ಷ ಹಿಡೀತದ ಅಂದ್ರು. ಕಡೀಕ ಒಂದು ಮಾತು ಕೇಳಿದ್ರು: "ಸಣ್ಣಾಕಿ ಇದ್ದಾಗ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟು ಆಗಿತ್ತೇನು?" ನಾನು ವಿಚಾರನೂ ಮಾಡದ, "ಇಲ್ರಿ, ಏನೂ ಆಗಿಲ್ಲ," ಅಂದುಬಿಟ್ಟೆ.

ಆಗಿತ್ತು. ಅಕಿಗೆ ಒಂಬತ್ತು ವರ್ಷ ಇದ್ದಾಗ ತವರುಮನಿ ಹಿತ್ತಲದಾಗ ಓಡಾಡಕೋತ ಬಾವಿಕಟ್ಟಿಗೆ ಬಾಯಿ ಹೊಡಕೊಂಡಿದ್ಲು. ತುಟಿ ಒಡದು ರಕ್ತ ಬಂದಿತ್ತು, ಮುಂದಿನ ಹಲ್ಲು ನಾಕು ದಿನ ಅಲಗ್ಯಾಡತಿತ್ತು. ನಮ್ಮವ್ವ ಅರಿಷಿಣ ಹಚ್ಚಿ, ಗಂಜಿ ಕುಡಿಸಿ, ಒಂದು ವಾರದಾಗ ಎಲ್ಲಾ ಸುದ್ದ ಆತು. ಹಲ್ಲು ಬೀಳಲಿಲ್ಲಲ್ಲ, ಹಿಂಗಾಗಿ ನಾನೂ ಮರತೆ. ಹನ್ನೆರಡು ವರ್ಷದ ಹಿಂದಿನ ಮಾತು ಯಾರಿಗೆ ನೆನಪಿರ್ತದ?

ತಂತಿ ಹಾಕಿ ಹತ್ತು ತಿಂಗಳಿಗೆ ಅಕಿಗೆ ಸಂಬಂಧ ಬರಲಿಕ್ಕೆ ಶುರುವಾದ್ವು. ಒಂದು ಪುಣೆದ ಕಡೆಯಿಂದ ಬಂತು. ಛಲೋ ಮನಿತನ, ಹುಡುಗಗ ಛಲೋ ನೌಕರಿ. ಅವರು ಫೋಟೋ ನೋಡಿ, "ತಂತಿ ಯಾವಾಗ ತಗಸ್ತೀರಿ?" ಅಂತ ಕೇಳಿದ್ರು. ಅಷ್ಟು ಕೇಳಿದ್ದ ತಡ, ನನಗ ನಿದ್ದಿ ಹಾರಿಹೋತು. ಮುಂದಿನ ಸಲ ಡಾಕ್ಟರ್ ಕಡೆ ಹೋದಾಗ, "ಜರಾ ಬಿಗಿ ಮಾಡ್ರಿ, ಲಗೂನ ಮುಗಸ್ರಿ, ಹುಡುಗಿ ಸೊಸ್ತಾಳ," ಅಂದೆ. ಬಿಗಿ ಮಾಡಿದ್ರ ಲಗೂ ಆಗಂಗಿಲ್ಲ ಅಂದ್ರು ಅವರು. ಅದರ ಮ್ಯಾಲೆ, "ನಡುವ ಒಂದು ಎಕ್ಸ್-ರೇ ತಗಿಬೇಕು," ಅಂತನೂ ಅಂದ್ರು. ಶುರುವಿಗೆ ಒಂದು ತಗದಾರ, ಈಗ ಮತ್ತ ಯಾಕ? 400 ರೂಪಾಯಿ ದಂಡ ಅಂತ ಗೊಣಗಿದೆ. ಎದುರುಮನಿ ವೈನಿ ಮೊನ್ನೆ ಅಂದ ಮಾತ ನಾನು ಅವತ್ತು ಅಂದಿದ್ದೆ, ರೊಕ್ಕ ಮಾಡೋ ಹಾದಿ ಅಂತ.

ಎಕ್ಸ್-ರೇ ಬಂದ ಮ್ಯಾಲೆ ಡಾಕ್ಟರ್ ನನ್ನ ಒಳಗ ಕರದು ಎರಡೂ ಫಿಲ್ಮು ಬಾಜೂಬಾಜೂ ಇಟ್ಟು ತೋರಿಸಿದ್ರು. ಮೊದಲಿನದ್ರಾಗ ಮ್ಯಾಲಿನ ಮುಂದಿನ ಎರಡು ಹಲ್ಲಿನ ಬೇರು ಉದ್ದಕ, ತುದಿ ಚೂಪ ಇದ್ವು. ಎರಡನೇದ್ರಾಗ ಅವ ಬೇರು ಮೊಂಡ ಆಗಿದ್ವು, ಸಾಲಿ ಹುಡುಗರು ಬರದು ಬರದು ಸವೆಸಿದ ಪೆನ್ಸಿಲ್ ಹಂಗ. ಒಂದು ಹಲ್ಲಿಂದಂತೂ ಸುಮಾರು ಕಾಲುಭಾಗ ಬೇರು ಇರಲೇ ಇಲ್ಲ. "ನೆನಪು ಮಾಡ್ಕೊಂಡು ಹೇಳ್ರಿ, ಈ ಹಲ್ಲಿಗೆ ಎಂದರೆ ಪೆಟ್ಟು ಆಗಿತ್ತೇನು?" ಅಂತ ಮತ್ತ ಕೇಳಿದ್ರು. ಆವಾಗ ನನ್ನ ಕಣ್ಣಮುಂದ ಆ ಬಾವಿಕಟ್ಟಿ ಬಂದು ನಿಂತ್ಕೊಂತು.

ಮನಿಗೆ ಬಂದು ದೇವರ ಮನ್ಯಾಗ ಕೂತು ಅತ್ತೆ. ಮಗಳ ನನಗ ಸಮಾಧಾನ ಮಾಡಿದ್ಲು. ಆಮ್ಯಾಲೆ ಹೋದಾಗೆಲ್ಲಾ ನಾನು ಒಂದು ವಹಿಯೊಳಗ ಪ್ರಶ್ನಿ ಬರಕೊಂಡು ಹೋಗ್ಲಿಕ್ಕೆ ಶುರು ಮಾಡಿದೆ. ಆ ಡಾಕ್ಟರ್ ತಾಳ್ಮಿಯಿಂದ ಹೇಳಿದ್ರು. ಅವರಿಂದ ತಿಳ್ಕೊಂಡಿದ್ದು, ಮಗಳು ಓದಿ ಹೇಳಿದ್ದು, ಎರಡೂ ಕೂಡಿಸಿ ಹೇಳ್ತೀನಿ.

ಮ್ಯಾಲಿನ ಮುಂದಿನ ಹಲ್ಲು ನಮಗ ಕಾಣಸೋದು ಸುಮಾರು 10 ಮಿಲಿಮೀಟರ್. ವಸಡಿನ ಒಳಗ, ಎಲುಬಿನಾಗ ಇರೋ ಬೇರು ಸುಮಾರು 13 ಮಿಲಿಮೀಟರ್. ಕೋರೆಹಲ್ಲಿನ ಬೇರು ಎಲ್ಲಾದಕ್ಕಿಂತ ಉದ್ದ. ದವಡಿಹಲ್ಲಿಗೆ ಮ್ಯಾಲೆ ಸಾಮಾನ್ಯವಾಗಿ ಮೂರು ಬೇರು, ಕೆಳಗ ಎರಡು. ಈ ಬೇರು ಗ್ವಾಡಿಗೆ ಮಳಿ ಹೊಡದಂಗ ಎಲುಬಿಗೆ ನೇರ ಅಂಟಿಕೊಂಡಿರಂಗಿಲ್ಲ. ಬೇರಿಗೂ ಎಲುಬಿಗೂ ನಡುವ ಒಂದು ತೆಳ್ಳನ್ನ ಪದರ ಅದ, ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಸಣ್ಣ ಸಣ್ಣ ಎಳಿ, ರಕ್ತನಾಳ, ನರ ಎಲ್ಲಾ ಅದರಾಗ ಇರ್ತಾವ. ಅನ್ನದಾಗ ಒಂದು ಹರಳು ಸಿಕ್ಕರೂ ನಮಗ ಥಟ್ಟನೆ ಗೊತ್ತಾಗೋದು ಈ ಪದರದಿಂದ.

ತಂತಿ ಹಾಕಿದಾಗ ಕೆಲಸ ನಡಿಯೋದೆಲ್ಲಾ ಈ ಪದರದಾಗ. ಹಲ್ಲಿನ ಮ್ಯಾಲೆ ಒಂದು ಕಡೆಯಿಂದ ಹಗೂರ ಒತ್ತಡ ಬಿದ್ರ, ಅದು ಯಾವ ಕಡೆ ಸರೀಬೇಕೋ ಆ ಕಡೆ ಎಲುಬನ್ನ ಕರಗಸೋ ಜೀವಕೋಶಗಳು ಬಂದು ಎಲುಬು ಕರಗಸ್ತಾವ. ಹಿಂದ ಖಾಲಿ ಆದ ಕಡೆ ಬ್ಯಾರೆ ಜೀವಕೋಶ ಬಂದು ಹೊಸಾ ಎಲುಬು ಕಟ್ತಾವ. ಗೌಂಡಿ ಒಬ್ಬ ಮುಂದಿನ ಗ್ವಾಡಿ ದಿನಾ ಒಂದೊಂದು ಇಟ್ಟಂಗಿ ಬಿಚ್ಚಕೋತ, ಹಿಂದ ಒಂದೊಂದು ಇಟ್ಟಂಗಿ ಕಟಗೋತ ಹೋದಂಗ. ಹಿಂಗಾಗಿ ಹಲ್ಲು ಸರಿಯೋದು ತಿಂಗಳಿಗೆ ಹೆಚ್ಚುಕಮ್ಮಿ 1 ಮಿಲಿಮೀಟರ್. ಡಾಕ್ಟರ್ ನಾಕರಿಂದ ಆರು ವಾರಕ್ಕೊಮ್ಮೆ ಕರಿಯೋದೂ ಅದಕ್ಕ. ಆ ಕೆಲಸಕ್ಕ ಅಷ್ಟು ದಿನ ಬೇಕಾಗ್ತಾವ.

ಇನ್ನ ನಾ ಹೇಳಿದಂಗ "ಜರಾ ಬಿಗಿ" ಮಾಡಿದ್ರ ಏನಾಗ್ತದ? ಆ ತೆಳ್ಳನ್ನ ಪದರದಾಗಿನ ರಕ್ತನಾಳ ಹಿಸಕಿ ಹೋಗ್ತಾವ. ರಕ್ತ ಬರದ ಅಷ್ಟು ಭಾಗ ಸತ್ತಂಗ ಆಗ್ತದ. ಸತ್ತದ್ದನ್ನ ತಗದು ಸ್ವಚ್ಛ ಮಾಡೋತನಕ ಹಲ್ಲು ವಾರಗಟ್ಟಲೆ ಇದ್ದಲ್ಲೆ ಇರ್ತದ. ಅಂದ್ರ ಲಗೂ ಆಗೋದು ಬಿಡ್ರಿ, ತಡ ಆಗ್ತದ. ಮತ್ತ ಆ ಸ್ವಚ್ಛ ಮಾಡ್ಲಿಕ್ಕೆ ಬಂದ ಜೀವಕೋಶ ಬೇರಿನ ಮೈಯನ್ನೂ ಕೆರದು ತಿನ್ನತಾವ. ಬೇರು ಸವೆಯೋದು ಹಿಂಗ. ಇದು ಕೇಳಿದ ದಿನ ನನಗ ನನ್ನ ಮಾತಿನ ಮ್ಯಾಲೆ ನಾಚಿಕಿ ಬಂತು. ಆ ಡಾಕ್ಟರ್ ನನ್ನ ಮಾತು ಕೇಳಿ ಬಿಗಿ ಮಾಡಿದ್ರ ಏನಾಗ್ತಿತ್ತು?

ಇದೇನು ಹೊಸಾ ಸುದ್ದಿನೂ ಅಲ್ಲಂತ. ರಾಂಟ್ಗನ್ ಅನ್ನೋ ವಿಜ್ಞಾನಿ ಎಕ್ಸ್-ರೇ ಕಂಡುಹಿಡದಿದ್ದು 1895ರಾಗ. ಅಮೇರಿಕಾದ ಆಲ್ಬರ್ಟ್ ಕೆಚಮ್ ಅನ್ನೋ ದಂತವೈದ್ಯರು 1927ರಾಗ ಮತ್ತ 1929ರಾಗ ಎಕ್ಸ್-ರೇ ಇಟ್ಕೊಂಡು, ಹಲ್ಲು ಸರಿಸೋ ಚಿಕಿತ್ಸಾದಾಗ ಬೇರು ಮೋಟ ಆಗ್ತಾವ ಅಂತ ತಮ್ಮ ವೈದ್ಯರ ಮುಂದನ ಇಟ್ಟಿದ್ರು. ಅಂದ್ರ ಸುಮಾರು ನೂರು ವರ್ಷದಿಂದ ಡಾಕ್ಟರಿಗೆ ಗೊತ್ತಿರೋ ಮಾತು, ನಮ್ಮ ಹೆಣ್ಮಕ್ಕಳ ಕಿವಿತನಕ ಇನ್ನೂ ಬಂದಿಲ್ಲ. ತಂತಿಯ ಬಣ್ಣ ಯಾವದು, ಕಾಣಸದಂಥದ್ದು ಅದನೋ, ರೊಕ್ಕ ಎಷ್ಟು, ಕಂತಿನಾಗ ಕೊಡಬಹುದೋ, ಇಷ್ಟು ಕೇಳ್ತೀವಿ. ಬೇರು ಹೆಂಗದಾವ ಅಂತ ನಾವ್ಯಾರೂ ಕೇಳಂಗಿಲ್ಲ.

ಅಂಜಿಸಲಿಕ್ಕೆ ಬರಿಲಿಕ್ಕತ್ತಿಲ್ಲ ಮತ್ತ. ತಂತಿ ಹಾಕಿಸ್ಕೊಂಡ ಭಾಳ ಮಂದಿಗೆ ಬೇರಿನ ತುದಿ ಸ್ವಲ್ಪ ಸವೀತದ, ಅವರಿಗೆ ಅದು ಜೀವಮಾನದಾಗ ಗೊತ್ತೂ ಆಗಂಗಿಲ್ಲ, ತೊಂದ್ರಿನೂ ಇಲ್ಲ. ಭಾಳ ಸವೆಯೋದು ನೂರರಾಗ ಒಬ್ಬರಿಂದ ಐದು ಮಂದಿಗೆ ಇದ್ದೀತು. ಆ ಐದರಾಗ ನಮ್ಮ ಮಕ್ಕಳು ಅದಾರೋ ಏನೋ ಮೊದಲ ಪೂರಾ ಹೇಳ್ಲಿಕ್ಕೆ ಆಗಂಗಿಲ್ಲ, ಆದ್ರ ಕೆಲವು ಗುರುತು ಇರ್ತಾವ. ಹಿಂದ ಪೆಟ್ಟು ತಿಂದ ಹಲ್ಲು. ಮೊದಲನ ಮೋಟ ಇರೋ ಇಲ್ಲಾ ತುದಿ ಸಣ್ಣಗೆ ಬಗ್ಗಿದ ಬೇರು. ಹಲ್ಲು ತಗದು ದೂರ ಸರಸಬೇಕಾದ ಕೇಸು. ವರ್ಷಗಟ್ಟಲೆ ಎಳದ ಚಿಕಿತ್ಸಾ. ಕೆಲವು ಮನಿತನದಾಗ ಅಕ್ಕಗ ಹಂಗ ಆಗಿದ್ರ ತಂಗಿಗೂ ಆಗೋದುಂಟು. ಎಲ್ಲಾಕ್ಕಿಂತ ಹೆಚ್ಚು ಸವೆಯೋದು ಮ್ಯಾಲಿನ ಮುಂದಿನ ಹಲ್ಲಿಂದು. ಡಾಕ್ಟರ್ ತಪ್ಪು ಇಲ್ಲದನೂ ಇದು ಆಗ್ತದ, ಅದನ್ನೂ ಹೇಳಬೇಕು. ಅವರು ಕೇಳಿದ್ದಕ್ಕ ಖರೇ ಉತ್ತರ ಕೊಡೋದು ನಮ್ಮ ಪಾಲಿನ ಕೆಲಸ. ನಾನು ಅದರಾಗ ತಪ್ಪಿದೆ.

ಒಮ್ಮೆ ಸವೆದ ಬೇರು ಮತ್ತ ಉದ್ದ ಬೆಳಿಯಂಗಿಲ್ಲ. ಆದ್ರ ಒತ್ತಡ ನಿಂತ್ರ ಸವೆತನೂ ನಿಂದರ್ತದ, ಬೇರಿನ ಮೈಮ್ಯಾಲಿನ ಗಾಯ ಮಾಯ್ತದ. ಅದಕ್ಕ ನಡುವಿನ ಎಕ್ಸ್-ರೇ ಅಷ್ಟು ಬೆಲಿಯುಳ್ಳದ್ದು. ಆರೆಂಟು ತಿಂಗಳಿಗೊಮ್ಮೆ ನೋಡಿದ್ರ ಹೊತ್ತಿಗೆ ಸರಿಯಾಗಿ ಗೊತ್ತಾಗ್ತದ, ಕೈ ಬಿಡಬಹುದು. ನನ್ನ ಮಗಳಿಗೆ ಮೂರು ತಿಂಗಳು ಏನೂ ಎಳೀಲಾರದ ಸುಮ್ಮನ ಬಿಟ್ರು. ಆಮ್ಯಾಲೆ ಭಾಳ ಹಗೂರ ಒತ್ತಡ ಇಟ್ಟು ಶುರು ಮಾಡಿದ್ರು. ಮೊದಲು ಹಾಕ್ಕೊಂಡಿದ್ದ ಯೋಜನಾನೂ ಬದಲ ಮಾಡಿ, "ಪೂರಾ ಒಳಗ ತಗೊಳ್ಳೋದು ಬ್ಯಾಡ, ಸ್ವಲ್ಪ ಮುಂದ ಉಳದ್ರೂ ನಡೀಲಿ, ಹಲ್ಲು ಗಟ್ಟಿ ಇರ್ಲಿ," ಅಂದ್ರು. ಎಲ್ಲಾ ಕೂಡಿ ಎರಡೂವರಿ ವರ್ಷ ಆತು. ಪುಣೆದ ಆ ಸಂಬಂಧ ತಂತಿ ಸಲುವಾಗಿ ಏನೂ ತಪ್ಪಲಿಲ್ಲ, ಜಾತಕ ಕೂಡಲಿಲ್ಲ. ನಾ ಸುಮ್ಮನ ನಿದ್ದಿಗೆಟ್ಟಿದ್ದೆ.

ಇನ್ನೊಂದು ಮಾತು, ನಾವೆಲ್ಲಾ ಡಾಕ್ಟರ್ ಜೋಡಿ ಜಗಳಾ ಮಾಡೋ ಮಾತು. "ಹಲ್ಲು ಸಾಲಾಗಿ ಬಂದಾವಲ್ರಿ, ಇನ್ನೂ ಯಾಕ ತಂತಿ ಇಟ್ಟೀರಿ?" ಮಗಳ ಜೋಡಿ ಹೋದಾಗ ಕೂತಲ್ಲೆ ಎಷ್ಟೋ ತಾಯಂದಿರು ಹಿಂಗ ಕೇಳೋದು ಕೇಳೀನಿ. ಇದಕ್ಕೂ ಉತ್ತರ ಬೇರಿನಾಗ ಅದ. ಹಲ್ಲಿನ ಕಾಣೋ ತುದಿ ಲಗೂ ವಾಲ್ತದ, ಒಳಗಿನ ಬೇರು ಹಿಂದ ಉಳೀತದ. ಅಂಗಳದಾಗ ಅರಬಿ ಒಣಗಿಸೋ ಕಂಬದ ತುದಿ ಹಗ್ಗ ಕಟ್ಟಿ ಎಳದ್ರ ಕಂಬ ವಾಲ್ತದ ಹೊರತು ಬುಡ ಸರಿಯಂಗಿಲ್ಲ, ಹಂಗ. ಕಡೀ ಐದಾರು ತಿಂಗಳು ಕನ್ನಡ್ಯಾಗ ಏನೂ ಬದಲ ಕಾಣಸಂಗಿಲ್ಲ, ಒಳಗ ಮಾತ್ರ ಬೇರು ನೆಟ್ಟಗ ಆಗ್ಲಿಕ್ಕತ್ತಿರ್ತಾವ. ಹಲ್ಲು ತಗದು ಮುಚ್ಚಿದ ಜಾಗಾದ ಎರಡೂ ಕಡೆ ಬೇರು ಒಂದಕ್ಕೊಂದು ಸಮ ನಿಲ್ಲದಿದ್ರ ಆ ಸಂದಿ ಮತ್ತ ಬಿಚ್ಚಿಕೊಳ್ಳೋ ಸಂಭವ ಹೆಚ್ಚು. ಕೆಳಗಿನ ಮುಂದಿನ ಹಲ್ಲಿನ ಹತ್ರ ಎಲುಬು ಮೊದಲನ ತೆಳ್ಳಗ. ಅಲ್ಲಿ ಬೇರು ಎಲುಬಿನ ಹೊರಗ ನೂಕಿದಂಗ ಆದ್ರ ವಸಡು ಕೆಳಗಿಳದು ಹಲ್ಲು ಉದ್ದುದ್ದ ಕಾಣಸ್ತದ. "ಆರು ತಿಂಗಳದಾಗ ಮುಗಸ್ತೀವಿ" ಅನ್ನೋರನ್ನ ಇದನ್ನ ಕೇಳ್ರಿ: ಬೇರು ನೆಟ್ಟಗ ಮಾಡಿ ಮುಗಸ್ತೀರೋ, ಬರೇ ತುದಿ ನೆಟ್ಟಗ ಮಾಡಿ ಕಳಸ್ತೀರೋ? ಸಣ್ಣಪುಟ್ಟ ಕೇಸು ಆರು ತಿಂಗಳಿಗೆ ಮುಗಿಯೋವೂ ಇರ್ತಾವ. ಆದ್ರ ಬಾಯಿ ನೋಡೋಕಿಂತ ಮೊದಲ, ಎಕ್ಸ್-ರೇ ನೋಡೋಕಿಂತ ಮೊದಲ ಗಡುವು ಹೇಳೋರನ್ನ ನಾನಂತೂ ನಂಬಂಗಿಲ್ಲ.

ಸಣ್ಣ ಮಕ್ಕಳ ತಾಯಂದಿರಿಗೆ ಒಂದು ಮಾತು ಅದ. ನಾವು ಸಣ್ಣವರಿದ್ದಾಗ ಬಿದ್ದ ಹಾಲುಹಲ್ಲು ಸಗಣಿ ಉಂಡ್ಯಾಗ ಇಟ್ಟು ಮಾಳಿಗಿ ಮ್ಯಾಲೆ ಒಗೀತಿದ್ವಿ. ಆ ಹಲ್ಲು ಕೈಯಾಗ ಹಿಡದು ಎಂದಾದರೂ ನೋಡೀರಿ? ಅದಕ್ಕ ಬೇರು ಇರಂಗಿಲ್ಲ. ಕೆಳಗಿಂದ ಹೊಸಾ ಹಲ್ಲು ಬರೋ ಮುಂದ ಹಾಲುಹಲ್ಲಿನ ಬೇರು ತಾನ ಕರಗಿ ಹೋಗಿರ್ತದ. ಅದು ದೇವರು ಮಾಡಿದ ವ್ಯವಸ್ಥಾ. ಆದ್ರ ಒಮ್ಮೊಮ್ಮೆ ಹೊಸಾ ಹಲ್ಲು ಹಾದಿ ತಪ್ತದ. ನಮ್ಮ ನಾದಿನಿ ಮೊಮ್ಮಗಗ ಹಂಗ ಆತು. 12 ವರ್ಷ ಆದ್ರೂ ಒಂದು ಬದಿಗೆ ಹಾಲುಹಲ್ಲಿನ ಕೋರೆ ಅಲಗಲಿಲ್ಲ. "ಗಟ್ಟಿ ಹಲ್ಲು ಅದ, ಛಲೋನ ಆತಲ್ಲ," ಅಂತ ಅಜ್ಜಿ ಹಿಗ್ಗಿದ್ಲು. ಎಕ್ಸ್-ರೇ ತಗಿಸಿದ್ರ ದೊಡ್ಡ ಕೋರೆಹಲ್ಲು ಅಂಗಳಿನ ಕಡೆ ಅಡ್ಡ ಮಲಗಿ, ಬಾಜೂ ಹಲ್ಲಿನ ಬೇರಿಗೆ ಮೈ ಹಚ್ಚಿ ಅದನ್ನ ತಿನ್ನಲಿಕ್ಕೆ ಹತ್ತಿತ್ತು. ಹೊರಗಿಂದ ನೋಡಿದ್ರ ಯಾವ ನೋವೂ ಇಲ್ಲ, ಬಾವೂ ಇಲ್ಲ. ಮ್ಯಾಲಿನ ಕೋರೆಹಲ್ಲು ಸಾಮಾನ್ಯವಾಗಿ 11–12 ವರ್ಷಕ್ಕ ಬರ್ತಾವ. ಒಂದು ಕಡೆ ಬಂದು ಇನ್ನೊಂದು ಕಡೆ ಬರದಿದ್ರ ಸುಮ್ಮನ ಕೂಡಬ್ಯಾಡ್ರಿ. ಅಮೇರಿಕಾದ ಹಲ್ಲು ಸರಿಪಡಿಸೋ ತಜ್ಞರ ಸಂಘದವರು 7 ವರ್ಷಕ್ಕ ಒಮ್ಮೆ ತೋರಿಸ್ರಿ ಅಂತಾರ. ತೋರಿಸೋದಂದ್ರ ಆವಾಗನ ತಂತಿ ಹಾಕೋದು ಅಂತ ಅಲ್ಲ. ಹಲ್ಲು ಹುಟ್ಟಿದ ಮ್ಯಾಲೂ ಅದರ ಬೇರು ಪೂರಾ ಆಗ್ಲಿಕ್ಕೆ ಮತ್ತ ಎರಡು-ಮೂರು ವರ್ಷ ಬೇಕು, ಯಾವಾಗ ಏನು ಮಾಡಬೇಕು ಅನ್ನೋದು ಅದನ್ನೂ ನೋಡಿ ಹೇಳೋ ಮಾತು.

ನಮ್ಮ ವಯಸ್ಸಿನವರಿಗೂ ಇದು ಸಂಬಂಧ ಅದ. ಈಗ 40–45 ವರ್ಷದ ಹೆಣ್ಮಕ್ಕಳೂ ತಂತಿ ಹಾಕಿಸ್ಕೋತಾರ, ಹಾಕಿಸ್ಕೊಳ್ಳಲಿ. ನಗೋ ಆಸೆಗೆ ವಯಸ್ಸು ಯಾಕ? ಆದ್ರ ಮೊದಲ ಇಲ್ಲದ ಸಂದಿ ಈ ವಯಸ್ಸಿನಾಗ ಹೊಸದಾಗಿ ಬಂದಿದ್ರ ಒಂದ್ ಸಲ ವಸಡು ತೋರಿಸ್ರಿ. ಎಷ್ಟೋ ಸಲ ವಸಡಿನ ರೋಗದಿಂದ ಬೇರಿನ ಸುತ್ತಿನ ಎಲುಬು ಕರಗಿ ಹಲ್ಲು ಹಿಡಿತ ಬಿಟ್ಟು ಸರದಿರ್ತಾವ. ಹಲ್ಲು ತಿಕ್ಕೋ ಮುಂದ ರಕ್ತ ಬರೋದು, ಬಾಯಿ ವಾಸನಿ ಇವೆಲ್ಲಾ ಅದರ ಸೂಚನಾ. ಆ ರೋಗ ಹಂಗ ಇಟ್ಕೊಂಡು ತಂತಿ ಹಾಕಿದ್ರ ಉಳದ ಎಲುಬೂ ಹೋಗ್ತದ. ಮೊದಲು ವಸಡು ಸುದ್ದ ಮಾಡ್ಕೊಂಡು ಆಮ್ಯಾಲೆ ತಂತಿ. ನಮ್ಮ ಡಾಕ್ಟರ್ ಹೇಳಿದ್ರು, ಬೇರಿನ ತುದಿ ಒಂಚೂರು ಸವೆದ್ರ ಆಗೋ ನಷ್ಟಕ್ಕಿಂತ ಹಲ್ಲಿನ ಕೊರಳ ಹತ್ರದ ಎಲುಬು ಅಷ್ಟ ಕರಗಿದ್ರ ಆಗೋ ನಷ್ಟ ದೊಡ್ಡದು ಅಂತ. ಅದಕ್ಕ ಬೇರು ಮೋಟ ಆದವರು ಜೀವಮಾನ ಪೂರ್ತಿ ಮಾಡಬೇಕಾದ ಕೆಲಸ ಅಂದ್ರ ವಸಡು ಸ್ವಚ್ಛ ಇಟ್ಕೊಳ್ಳೋದು. ನನ್ನ ಮಗಳು ರಾತ್ರಿ ಎಷ್ಟು ಸೊಸ್ತರೂ ಹಲ್ಲು ತಿಕ್ಕದ ಮಲಗಂಗಿಲ್ಲ.

ಎಕ್ಸ್-ರೇ ಅಂದ್ರ ನಮ್ಮ ಹಿರ್ಯಾರಿಗೆ ಅಂಜಿಕಿ. ನಮ್ಮ ಅತ್ತಿಯವರೂ, "ಎಳಿ ಹುಡುಗಿಗೆ ಆ ಕಿರಣ ಯಾಕ ಬಿಡಸ್ತಿ?" ಅಂದಿದ್ರು. ಪೂರಾ ಬಾಯಿದು ಒಮ್ಮೆ ತಗಿಯೋ ಎಕ್ಸ್-ರೇ, ಓಪಿಜಿ ಅಂತಾರಲ್ಲ, ಅದರಿಂದ ಮೈಗೆ ಬೀಳೋ ಕಿರಣ ನಾವು ಮನ್ಯಾಗ ಸುಮ್ಮನ ಕೂತರೂ ಕೆಲವು ದಿನದಾಗ ಭೂಮಿ-ಆಕಾಶದಿಂದ ನಮ್ಮ ಮೈಮ್ಯಾಲೆ ಬೀಳೋವಷ್ಟ. ಹಂಗಂತ ಬ್ಯಾಡಾದಾಗೆಲ್ಲಾ ತಗಿಸಬೇಕು ಅಂತ ಅಲ್ಲ. ಸಿಬಿಸಿಟಿ ಅನ್ನೋ ದೊಡ್ಡ ಸ್ಕ್ಯಾನು ಎಲ್ಲಾರಿಗೂ ಬೇಕಾಗಂಗಿಲ್ಲ, ಅಡ್ಡ ಮಲಗಿದ ಕೋರೆಹಲ್ಲಿನಂಥ ಕೇಸಿಗೆ ಬೇಕಾಗ್ತದ. ಬಸುರಿದ್ದವರು, ಇರಬಹುದು ಅನ್ನೋ ಅನುಮಾನ ಇದ್ದವರು ಮೊದಲ ಡಾಕ್ಟರಿಗೆ ಹೇಳಬೇಕು.

ಯಾರ ಕಡೆ ಹೋಗಬೇಕು ಅಂತನೂ ಕೇಳ್ತೀರಿ. ಹಲ್ಲಿನ ಡಾಕ್ಟರ್ ಅಂದ್ರ ಬಿಡಿಎಸ್, ಇಂಟರ್ನ್‌ಶಿಪ್ ಹಿಡದು ಐದು ವರ್ಷದ ಓದು. ಅದರ ಮ್ಯಾಲೆ ಬರೇ ಹಲ್ಲು ಸರಿಸೋ ವಿದ್ಯಾನ ಮೂರು ವರ್ಷ ಕಲ್ತು ಎಂಡಿಎಸ್ ಮಾಡಿದವರು ಆರ್ಥೊಡಾಂಟಿಸ್ಟ್. ಊರಾಗ ಹಲ್ಲಿನ ಕಾಲೇಜು ಇದ್ರ ಅಲ್ಲೂ ಈ ವಿಭಾಗ ಇರ್ತದ, ರೊಕ್ಕನೂ ಕಡಿಮಿ. ಈಗೀಗ ಫೋನಿನಾಗ ಜಾಹೀರಾತು ನೋಡಿ ಪಾರದರ್ಶಕ ತಟ್ಟಿ ಮನಿಗೆ ತರಿಸ್ಕೊಳ್ಳೋದೂ ನಡದದ. ಅಂಥಾ ತಟ್ಟಿಯಿಂದನೂ ಹಲ್ಲು ಸರಿಯೋದು ಅದ ಎಲುಬಿನಾಗ, ಸವೆಯೋದೂ ಅದ ಬೇರು. ಡಾಕ್ಟರ್ ಕೈಯಾಗ ಇದ್ರ ಅದೂ ಛಲೋ ಸಾಧನಾನ, ಬೇರು ನೋಡಲಾರದವರ ಕಡೆಯಿಂದ ಮಾತ್ರ ಬ್ಯಾಡ.

ಹೋದಾಗ ಕೇಳಬೇಕಾದ ಮಾತು ಇಷ್ಟ: ಬೇರು ಎಲ್ಲಾ ಸುದ್ದ ಅದಾವೇನು, ಮೋಟ ಬೇರು ಯಾವರ ಅದಾವೇನು? ಒಳಗ ಅಡಗಿದ ಹಲ್ಲು ಅದಾವೇನು? ವಸಡು, ಎಲುಬು ತಂತಿ ತಡೀತಾವೇನು? ನಡುವ ಯಾವಾಗ ಮತ್ತ ಎಕ್ಸ್-ರೇ ತಗೀತೀರಿ? ಬೇರು ಸವೆದದ್ದು ಕಂಡ್ರ ಏನು ಮಾಡ್ತೀರಿ? ಈ ಪ್ರಶ್ನಿಗೆ ಸಿಟ್ಟಿಗೇಳೋ ಡಾಕ್ಟರ್ ಇದ್ರ ಎದ್ದು ಬರ್ರಿ. ಹಂಗ ನೀವು ಹೇಳಬೇಕಾದದ್ದೂ ಹೇಳ್ರಿ: ಯಾವಾಗ ಬಿದ್ದಿದ್ದ, ಯಾವ ಹಲ್ಲು ಅಲಗಿತ್ತು, ಅಕ್ಕ-ಅಣ್ಣಗ ಏನಾಗಿತ್ತು. ಮಕ್ಕಳಿಗೆ ಹಲ್ಲಿಗೆ ಪೆಟ್ಟು ಆದ್ರ ಲಸಿಕಾ ಹಾಕಿಸಿದ ಕಾರ್ಡಿನ ಹಿಂದನ ತಾರೀಖು ಬರದು ಇಡ್ರಿ. ನಮ್ಮ ನೆನಪಿನ ಮ್ಯಾಲೆ ಭರೋಸಾ ಬ್ಯಾಡ.

ತಂತಿ ತಗದ ಮ್ಯಾಲೂ ಕೆಲಸ ಮುಗಿಯಂಗಿಲ್ಲ. ಬೇರಿನ ಸುತ್ತ ಎಲುಬು ಗಟ್ಟಿ ಆಗ್ಲಿಕ್ಕೆ ತಿಂಗಳು ಬೇಕು, ವಸಡಿನ ಎಳಿ ಹೊಸಾ ಜಾಗಾಕ್ಕ ಹೊಂದಕೊಳ್ಳಲಿಕ್ಕೆ ವರ್ಷದ ಹತ್ರ ಹತ್ರ ಹಿಡೀತದ. ಅಲ್ಲಿತನಕ ಮತ್ತ ಅದರ ಮುಂದನೂ ರಿಟೇನರ್ ಹಾಕ್ಕೋಬೇಕು. ಮದವಿ ಗದ್ದಲದಾಗ ಅದನ್ನ ಡಬ್ಬ್ಯಾಗ ಇಟ್ಟು ಮರತ ಹುಡುಗ್ಯಾರು ಎಷ್ಟು ಮಂದಿ ಅದಾರೋ. ನನ್ನ ಮಗಳಿಗೆ ಹಲ್ಲಿನ ಹಿಂದ ಒಂದು ಸಣ್ಣ ತಂತಿ ಅಂಟಿಸ್ಯಾರ, ಹೊರಗ ಕಾಣಸಂಗಿಲ್ಲ. ವರ್ಷಕ್ಕೊಮ್ಮೆ ಹೋಗಿ ತೋರಿಸ್ತಾಳ.

ತಂತಿ ಹಾಕಿಸಬ್ಯಾಡ್ರಿ ಅಂತ ನಾ ಹೇಳಿಲ್ಲ, ತಪ್ಪು ತಿಳ್ಕೋಬ್ಯಾಡ್ರಿ. ಒತ್ತೊತ್ತಿ ಬಂದ ಹಲ್ಲು ಸ್ವಚ್ಛ ಮಾಡೋದು ಕಷ್ಟ, ಮುಂದ ಬಂದ ಹಲ್ಲು ಬಿದ್ದಾಗ ಮೊದಲ ಒಡೀತಾವ. ನಗಲಿಕ್ಕೆ ನಾಚಿ ಬಾಯಿಗೆ ಸೆರಗು ಅಡ್ಡ ಹಿಡಿಯೋ ಹುಡುಗಿ ದುಃಖನೂ ನನಗ ಗೊತ್ತದ, ಮನ್ಯಾಗ ನೋಡೀನಿ. ನಾ ಬ್ಯಾಡ ಅನ್ನೋದು ನಮ್ಮ ಅವಸರಕ್ಕ. ನೋಡೋ ಮಂದಿ ಬರೋದ್ರಾಗ, ನಿಶ್ಚಯ ಆಗೋದ್ರಾಗ, ಫೋಟೋ ತಗಿಸೋದ್ರಾಗ ಹಲ್ಲು ಸಾಲಾಗಬೇಕು ಅಂತ ಹುಡುಗ್ಯಾರ ಬೆನ್ನ ಹತ್ತೋರು ನಾವ, ತಾಯಂದಿರು. ಮದವಿ ಫೋಟೋ ಒಂದು ದಿನದ್ದು. ಆ ಹಲ್ಲಿನಿಂದ ಅಕಿ ಇನ್ನ ಐವತ್ತು ವರ್ಷ ರೊಟ್ಟಿ ಕಡಕೊಂಡು ತಿನ್ನಬೇಕು.

ನನ್ನ ಮಗಳು ಈಗ ಮದವಿ ಆಗಿ ಬೆಂಗಳೂರಾಗ ಅದಾಳ. ಹಲ್ಲು ಸ್ವಲ್ಪ ಮುಂದನ ಅದಾವ, ಭಾಳ ಛಂದ ನಗ್ತಾಳ. ಕಬ್ಬು ಸಿಗದು ತಿನ್ನೋದು ಮಾತ್ರ ಮುಂದಿನ ಹಲ್ಲಿಂದ ಬಿಟ್ಟಾಳ, ಸಂಕ್ರಾಂತಿಗೆ ಬಂದ್ರ ನಾನ ಸಣ್ಣ ಸಣ್ಣ ತುಂಡು ಮಾಡಿ ಕೊಡ್ತೀನಿ.

ಎದುರುಮನಿ ವೈನಿ, ನಿಮ್ಮ ಹುಡುಗಿಗೆ ಎಕ್ಸ್-ರೇ ತಗಿಸೋ ದಿನ ನನಗೂ ಹೇಳ್ರಿ. ನಾನೂ ಬರ್ತೀನಿ, ನನ್ನ ಆ ಪ್ರಶ್ನಿ ವಹಿ ಇನ್ನೂ ಕಪಾಟಿನಾಗ ಅದ.